ಮಗುವಿಗೆ ರಾಗಿ ಸರಿ ಹಿಟ್ಟು ಮನೆಯಲ್ಲೇ ಮಾಡುವುದು: ಕಾಳು ಆರಿಸುವುದರಿಂದ ಮೊದಲ ಚಮಚದವರೆಗೆ

"ಮೊಳಕೆಗೆ ಬೂಷ್ಟು ಬಂತು." "ಹಿಟ್ಟು ಹತ್ತು ದಿನಕ್ಕೇ ಮುಗ್ಗಲು ವಾಸನೆ." "ಸರಿ ಗಂಟು ಗಂಟು." "ಎಷ್ಟು ಹಿಟ್ಟು ಹಾಕಿದರೂ ನೀರು ನೀರು, ಕೆಟ್ಟಿದೆಯಾ?" ನಮ್ಮ ಚಿಂತಾಮಣಿ ಕಡೆಯ ಹೊಸ ತಾಯಂದಿರು ನನ್ನನ್ನು ಕೇಳುವುದು ಹೆಚ್ಚಾಗಿ ಈ ನಾಲ್ಕೇ ವಿಷಯ. ಸರಿ ಅಂದರೆ ಮೊಳಕೆ ಕಟ್ಟಿದ ರಾಗಿಯ ಹಿಟ್ಟನ್ನು ನೀರಲ್ಲಿ ಕಾಯಿಸಿ ಮಾಡುವ ಮಗುವಿನ ಗಂಜಿ. ಕೇಳಿ ಕೇಳಿ ನನಗೆ ಒಂದು ಗೊತ್ತಾಗಿದೆ. ಹಿಟ್ಟು ಕೆಡಿಸಿಕೊಂಡವರಲ್ಲಿ ಮುಕ್ಕಾಲು ಜನ ಎಡವಿದ್ದು ಒಣಗಿಸುವ ಜಾಗದಲ್ಲಿ. ಮೊಳಕೆ ಚೆನ್ನಾಗಿ ಬಂತು ಅಂತ ಖುಷಿಯಾಗಿ, ಒಂದು ಮಧ್ಯಾಹ್ನ ಬಿಸಿಲಿಗೆ ಹಾಕಿ, ಸಂಜೆ ಮಿಲ್ಲಿಗೆ ಓಡಿಬಿಡುತ್ತಾರೆ.

ನಾನೂ ಹಾಗೇ ಮಾಡಿದ್ದೆ. ದೊಡ್ಡ ಮಗಳಿಗೆ ಆಗಸ್ಟಿನಲ್ಲಿ ಆರು ತಿಂಗಳು ತುಂಬಿತು, ಹೊರಗೆ ಮೋಡ, ಕಾಳು ಮುಟ್ಟಿದರೆ ಒಣಗಿದ ಹಾಗೇ ಇತ್ತು, ಬೀಸಿಸಿದೆ. ಎರಡನೇ ವಾರ ಡಬ್ಬಿ ತೆಗೆದರೆ ಮುಗ್ಗಲು. ಅಷ್ಟೂ ಹಿಟ್ಟು ತಿಪ್ಪೆಗೆ ಹೋಯಿತು. ಹಾಗಾಗಿ ಕೆಳಗೆ ನಾಲ್ಕನೇ ಹಂತವನ್ನು ಉದ್ದವಾಗಿ ಬರೆದಿದ್ದೇನೆ. ಅದನ್ನು ದಯವಿಟ್ಟು ಬಿಟ್ಟು ಓದಬೇಡಿ.

ಶುರು ಮಾಡುವ ಮೊದಲು

ಮಗುವಿಗೆ ಪೂರ್ತಿ 6 ತಿಂಗಳು ತುಂಬಿರಬೇಕು. ಅಲ್ಲಿಯವರೆಗೆ ತಾಯಿ ಹಾಲು ಸಾಕು, ನೀರೂ ಬೇಡ. ಮಗು ಕತ್ತು ನಿಲ್ಲಿಸಬೇಕು, ಸ್ವಲ್ಪ ಆಸರೆ ಕೊಟ್ಟರೆ ಕೂರಬೇಕು, ಚಮಚ ಬಾಯಿಗೆ ಇಟ್ಟರೆ ನಾಲಿಗೆಯಿಂದ ಹೊರಗೆ ತಳ್ಳುವುದು ಕಡಿಮೆಯಾಗಿರಬೇಕು. "ನಾಲ್ಕು ತಿಂಗಳಿಗೇ ಕೊಟ್ಟಿದ್ದೆವು, ಏನಾಯಿತು" ಅಂತ ಮನೆಯಲ್ಲಿ ಹಿರಿಯರು ಹೇಳಬಹುದು. ಜಗಳ ಬೇಡ, ಆದರೆ ಕೊಡುವುದೂ ಬೇಡ. ಆ ಸಮಯದಲ್ಲಿ ಹಿಟ್ಟು ಮಾಡುವ ಕೆಲಸಕ್ಕೆ ಅವರನ್ನೇ ಕೂರಿಸಿಕೊಳ್ಳಿ. ಕೇರುವುದು, ಜಾಲಿಸುವುದು ಅವರಷ್ಟು ಚೆನ್ನಾಗಿ ನಮಗೆ ಬರುವುದಿಲ್ಲ, ಅಲ್ವಾ.

ಇದು ಒಟ್ಟು ಐದರಿಂದ ಏಳು ದಿನದ ಕೆಲಸ. ಮದುವೆ, ಹಬ್ಬ, ಊರಿಗೆ ಹೋಗುವುದು ಇರುವ ವಾರದಲ್ಲಿ ಕೈ ಹಾಕಬೇಡಿ. ಮೊಳಕೆ ಕಟ್ಟಿದ ಮೇಲೆ ಅದು ನಿಮಗಾಗಿ ಕಾಯುವುದಿಲ್ಲ.

ಬೇಕಾಗುವ ಸಾಮಾನು: ಅರ್ಧ ಕೆಜಿ ರಾಗಿ, ಮೊರ, ಎರಡು ಅಗಲ ಪಾತ್ರೆ, ತೂತಿನ ಜಾಲರಿ ಪಾತ್ರೆ, ಒಗೆದು ಒಣಗಿಸಿದ ಎರಡು ಹತ್ತಿ ಬಟ್ಟೆ (ಹಳೇ ಬಿಳಿ ಪಂಚೆ ಆದರೆ ತುಂಬಾ ಒಳ್ಳೆಯದು), ತಳ ದಪ್ಪ ಇರುವ ಬಾಣಲೆ, ಮುಚ್ಚಳ ಇರುವ ಗಾಜಿನ ಬಾಟಲಿ, ಸ್ಟೀಲ್ ಡಬ್ಬಿ, ಅಡುಗೆಮನೆ ತಕ್ಕಡಿ. ತಕ್ಕಡಿ ಇಲ್ಲದಿದ್ದರೆ ಪಕ್ಕದ ಅಂಗಡಿಯಲ್ಲಿ ತೂಗಿಸಿ ಬನ್ನಿ. ಅದು ಯಾಕೆ ಬೇಕು ಅಂತ ಮುಂದೆ ಹೇಳುತ್ತೇನೆ.

ಒಮ್ಮೆಗೇ ಎರಡು ಮೂರು ಕೆಜಿ ಮಾಡಬೇಡಿ. ಮಗು ಒಂದು ಹೊತ್ತಿಗೆ ತಿನ್ನುವುದು ಒಂದೆರಡು ಚಮಚ ಹಿಟ್ಟು ಅಷ್ಟೇ.

ಹಂತ 1: ರಾಗಿ ಆರಿಸಿಕೊಳ್ಳುವುದು

ಈ ವರ್ಷದ ರಾಗಿ ಬೇಕು. ನಮ್ಮ ಕಡೆ ನವೆಂಬರ್, ಡಿಸೆಂಬರಿನಲ್ಲಿ ಕುಯ್ಲು ಆಗುತ್ತದೆ, ಕಣದಿಂದ ಬಂದ ರಾಗಿ ಸಂಕ್ರಾಂತಿ ಹೊತ್ತಿಗೆ ಎಲ್ಲರ ಮನೆಯಲ್ಲೂ ಇರುತ್ತದೆ. ಎರಡು ಮೂರು ವರ್ಷ ಮೂಟೆಯಲ್ಲಿದ್ದ ರಾಗಿ ಮುದ್ದೆಗೆ ನಡೆಯುತ್ತದೆ, ಮೊಳಕೆಗೆ ನಡೆಯುವುದಿಲ್ಲ. ಮೊಳೆಯದ ಕಾಳುಗಳು ಒದ್ದೆಯಲ್ಲಿ ಕೊಳೆತು ಪಕ್ಕದ ಒಳ್ಳೆ ಕಾಳನ್ನೂ ಕೆಡಿಸುತ್ತವೆ.

ಅನುಮಾನ ಇದ್ದರೆ ನೂರು ಕಾಳು ಎಣಿಸಿ, ಒದ್ದೆ ಬಟ್ಟೆಯಲ್ಲಿ ಎರಡು ದಿನ ಇಡಿ. 85ಕ್ಕಿಂತ ಕಡಿಮೆ ಮೊಳೆತರೆ ಬೇರೆ ರಾಗಿ ಹುಡುಕಿ. ಸುಮ್ನೆ ಸಮಯ ಹಾಳು.

ಇನ್ನೊಂದು ಎಚ್ಚರಿಕೆ, ಇದು ರೈತರ ಮನೆಗೆ. ಬಿತ್ತನೆಗೆ ತಂದು ಉಳಿದ ಪ್ಯಾಕೆಟ್ ರಾಗಿಯನ್ನು ಯಾವ ಕಾರಣಕ್ಕೂ ಬಳಸಬೇಡಿ. ಬಿತ್ತನೆ ಬೀಜಕ್ಕೆ ರೋಗ ಬರದಿರಲಿ ಅಂತ ಔಷಧಿ ಹಚ್ಚಿರುತ್ತಾರೆ, ಎಷ್ಟೋ ಸಲ ಬಣ್ಣವೂ ಇರುತ್ತದೆ. ತೊಳೆದರೆ ಹೋಗುತ್ತದೆ ಅಂದುಕೊಳ್ಳಬೇಡಿ. ಮೊಳಕೆ ಚೆನ್ನಾಗೇ ಬರುತ್ತದೆ, ಅದಕ್ಕೇ ಭಯ.

ಹಂತ 2: ಕೇರಿ, ಜಾಲಿಸಿ, ನೆನೆಸುವುದು

ಮೊರದಲ್ಲಿ ಕೇರಿ ಹೊಟ್ಟು, ಕಡ್ಡಿ ತೆಗೆಯಿರಿ. ಆಮೇಲೆ ಸರಿಯಾಗಿ 500 ಗ್ರಾಂ ತೂಗಿ. ಈ ಸಂಖ್ಯೆ ಒಂದು ಚೀಟಿಯಲ್ಲಿ ಬರೆದಿಡಿ.

ಈಗ ಜಾಲಿಸುವುದು. ಪಾತ್ರೆ ತುಂಬ ನೀರು ಹಾಕಿ, ಕೈಯಿಂದ ಸುತ್ತಿ ತಿರುಗಿಸಿ, ಕಾಳು ನೀರಿನ ಜೊತೆ ತೇಲಿ ಏಳುವಾಗ ಇನ್ನೊಂದು ಪಾತ್ರೆಗೆ ಬಗ್ಗಿಸಿ. ಕಲ್ಲು, ಮರಳು ತಳದಲ್ಲಿ ನಿಲ್ಲುತ್ತದೆ. ನಾಲ್ಕು ಐದು ಸಲ ಮಾಡಬೇಕಾಗುತ್ತದೆ. ಮಣ್ಣಿನ ಕಣದಲ್ಲಿ ಒಕ್ಕಿದ ರಾಗಿಯಾದರೆ ಇನ್ನೂ ಎರಡು ಸಲ ಜಾಸ್ತಿ. ಕಲ್ಲು ಉಳಿದು ಹಿಟ್ಟಿನ ಜೊತೆ ನುಣ್ಣಗಾಗಿ ಹೋದರೆ ಮತ್ತೆ ತೆಗೆಯಲು ಆಗುವುದಿಲ್ಲ. ಸಣ್ಣ ತೂತಿನ ಜಾಲರಿಯಲ್ಲಿ ಸುಮ್ನೆ ತೊಳೆದರೆ ಈ ಕೆಲಸ ಆಗದು, ಕಲ್ಲು ಅಲ್ಲೇ ಇರುತ್ತದೆ. ಮೇಲೆ ತೇಲುವ ಜೊಳ್ಳು ಚೆಲ್ಲಿಬಿಡಿ.

ತೊಳೆದ ನೀರು ತಿಳಿಯಾದ ಮೇಲೆ, ಕಾಳಿನ ಮೇಲೆ ನಾಲ್ಕು ಬೆರಳು ನೀರು ನಿಲ್ಲುವಂತೆ ನೆನೆಸಿ. 8 ರಿಂದ 10 ಗಂಟೆ ಸಾಕು. ಬೇಸಿಗೆಯಲ್ಲಿ ನಡುವೆ ಒಮ್ಮೆ ನೀರು ಬದಲಾಯಿಸಿ. ಒಂದು ದಿನ ಪೂರ್ತಿ ನೆನೆಸಿದರೆ ಮೊಳಕೆ ಬೇಗ ಬರುತ್ತದೆ ಅನ್ನುವುದು ತಪ್ಪು. ಕಾಳಿಗೆ ಉಸಿರಾಡಲು ಗಾಳಿ ಬೇಕು, ನೀರಲ್ಲೇ ಮುಳುಗಿದ್ದರೆ ಹುಳಿ ಹಿಡಿಯುತ್ತದೆ.

ಹಂತ 3: ಮೊಳಕೆ ಕಟ್ಟುವುದು

ಜಾಲರಿ ಪಾತ್ರೆಯಲ್ಲಿ ಸುರಿದು ಒಂದು ಗಂಟೆ ಬಿಡಿ. ನೀರು ತೊಟ್ಟಿಕ್ಕುವುದು ನಿಲ್ಲಬೇಕು. ಹೆಚ್ಚಿನವರು ಇಲ್ಲಿ ಐದು ನಿಮಿಷಕ್ಕೇ ಬಟ್ಟೆಗೆ ಸುರಿದು ಬಿಗಿಯಾಗಿ ಕಟ್ಟುತ್ತಾರೆ, ಗಂಟಿನ ನಡುವೆ ನೀರು ನಿಂತು ಲೋಳೆಯಾಗುತ್ತದೆ.

ಒದ್ದೆ ಮಾಡಿ ಹಿಂಡಿದ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ, ಗಾಳಿ ಆಡುವ ಕಡೆ ಇಡಿ. ಮುಚ್ಚಿದ ಸ್ಟೀಲ್ ಡಬ್ಬಿ ಬೇಡ, ಪ್ಲಾಸ್ಟಿಕ್ ಕವರ್ ಬೇಡವೇ ಬೇಡ. ಆರೆಂಟು ಗಂಟೆಗೊಮ್ಮೆ ಬಿಚ್ಚಿ, ಕೈ ತೊಳೆದುಕೊಂಡು ಕಾಳನ್ನು ಮೇಲೆ ಕೆಳಗೆ ಮಾಡಿ. ಕೈ ಹಾಕಿದಾಗ ಗಂಟಿನ ಒಳಗೆ ಬಿಸಿ ಇರುವುದು ಗೊತ್ತಾಗುತ್ತದೆ. ಮೊಳೆಯುವ ಕಾಳು ಶಾಖ ಬಿಡುತ್ತದೆ, ಆ ಶಾಖ ಹೊರಗೆ ಹೋಗದಿದ್ದರೆ ನಡುವಿನ ಕಾಳು ಬೆಂದ ಹಾಗಾಗಿ ಕೊಳೆಯುತ್ತದೆ. ಬಟ್ಟೆ ಒಣಗಿದ್ದರೆ ಮಾತ್ರ ನೀರು ಚಿಮುಕಿಸಿ.

ಏಪ್ರಿಲ್, ಮೇ ತಿಂಗಳಲ್ಲಿ 24 ಗಂಟೆಗೇ ಮೊಳಕೆ ಸಿಗುತ್ತದೆ. ಡಿಸೆಂಬರ್, ಜನವರಿಯ ನಮ್ಮ ಚಳಿಗೆ ಎರಡು ದಿನ ಬೇಕು, ಕೆಲವೊಮ್ಮೆ ಇನ್ನೂ ಸ್ವಲ್ಪ. ಅವಸರಕ್ಕೆ ಒಲೆಯ ಪಕ್ಕ ಇಡಬೇಡಿ. ಮೊಳಕೆ ಕಾಲು ಇಂಚಿನಷ್ಟು ಉದ್ದ ಬಂದಾಗ ನಿಲ್ಲಿಸಿ. ಉದ್ದ ಬಿಟ್ಟಷ್ಟೂ ಕಾಳಿನ ಸತ್ವ ಬೇರಿಗೆ ಹೋಗುತ್ತದೆ, ಬೇರು ಒಂದಕ್ಕೊಂದು ಹೆಣೆದು ಒಣಗಿಸುವುದು ಕಷ್ಟ, ಹಿಟ್ಟೂ ಕಹಿ.

ಬೂಷ್ಟು ಮತ್ತು ಬೇರಿನ ಎಳೆ ಎರಡನ್ನೂ ಗುರುತಿಸಲು ಕಲಿಯಿರಿ. ಬೇರಿನ ಎಳೆ ಬೆಳ್ಳಗೆ, ಪ್ರತಿ ಮೊಳಕೆಗೂ ಒಂದೇ ರೀತಿ ಇರುತ್ತದೆ, ನೀರು ಚಿಮುಕಿಸಿದರೆ ಅಂಟಿಕೊಳ್ಳುತ್ತದೆ, ವಾಸನೆ ಹಸಿ ಹುಲ್ಲಿನ ಹಾಗೆ. ಬೂಷ್ಟು ಹತ್ತಿಯ ಹಾಗೆ ಅಲ್ಲಲ್ಲಿ ಗುಂಪಾಗಿ ಇರುತ್ತದೆ, ಬೂದು, ಹಸಿರು ಅಥವಾ ಕಪ್ಪು ಬಣ್ಣ, ವಾಸನೆ ಮುಗ್ಗಲು. ಬೂಷ್ಟು ಒಂದು ಮೂಲೆಯಲ್ಲಿ ಕಂಡರೂ ಇಡೀ ಗಂಟು ಚೆಲ್ಲಿ. ಕಂಡಷ್ಟು ತೆಗೆದು ಉಳಿದದ್ದನ್ನು ಹುರಿದರಾಯಿತು ಅನ್ನಬೇಡಿ. ಕೆಲವು ಬೂಷ್ಟು ಬಿಡುವ ವಿಷ ಹುರಿದರೂ, ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಅರ್ಧ ಕೆಜಿ ರಾಗಿಯ ಬೆಲೆ ಎಷ್ಟು, ಮಗು ಎಷ್ಟು.

ಹಂತ 4: ಒಣಗಿಸುವುದು

ಮೊದಲ ನಾಲ್ಕೈದು ಗಂಟೆ ಫ್ಯಾನ್ ಕೆಳಗೆ ಹತ್ತಿ ಬಟ್ಟೆಯ ಮೇಲೆ ಹರಡಿ. ಮೇಲಿನ ನೀರು ಆರಲಿ, ಹೆಣೆದ ಬೇರು ಕೈಯಿಂದ ಬಿಡಿಸಿ. ಆಮೇಲೆ ಬಿಸಿಲು. ಕಾಳಿನ ಮೇಲೆ ಕಾಳು ಬೀಳದಂತೆ ತೆಳ್ಳಗೆ ಹರಡಬೇಕು. ಅರ್ಧ ಕೆಜಿಗೆ ಒಂದು ಇಡೀ ಪಂಚೆ ಬೇಕಾಗುತ್ತದೆ. ತಟ್ಟೆಯಲ್ಲಿ ರಾಶಿ ಹಾಕಿದರೆ ಮೇಲಿನದು ಒಣಗಿ ಕೆಳಗಿನದು ಬೆವರುತ್ತದೆ. ಗಂಟೆಗೊಮ್ಮೆ ಕೈಯಾಡಿಸಿ, ಮೇಲೆ ಇನ್ನೊಂದು ತೆಳು ಬಟ್ಟೆ ಮುಚ್ಚಿ. ಪಾರಿವಾಳ, ಧೂಳು ಎರಡೂ ತಪ್ಪುತ್ತದೆ. ಜಲ್ಲಿ ಕ್ರಷರ್ ಹತ್ತಿರದ ಊರಾದರೆ ಮಹಡಿ ಬೇಡ, ಕಿಟಕಿ ಬಿಸಿಲೇ ವಾಸಿ. ಪಕ್ಕದ ಟೊಮೇಟೊ ತೋಟಕ್ಕೆ ಔಷಧಿ ಹೊಡೆಯುವ ದಿನವೂ ಹೊರಗೆ ಹಾಕಬೇಡಿ.

ಶಿಡ್ಲಘಟ್ಟ, ಚಿಂತಾಮಣಿ, ಕೋಲಾರದ ಕಡೆ ರೇಷ್ಮೆ ಮನೆ ಇರುವವರಿಗೆ ಒಂದು ಮಾತು. ಹುಳು ಸಾಕುವ ತಟ್ಟೆ, ಹುಳು ಗೂಡು ಕಟ್ಟುವ ಚಂದ್ರಿಕೆ ಖಾಲಿ ಇದೆ, ಅಗಲವಾಗಿದೆ ಅಂತ ಅದರ ಮೇಲೆ ಮಗುವಿನ ರಾಗಿ ಹರಡುವುದನ್ನು ಕಣ್ಣಾರೆ ನೋಡಿದ್ದೇನೆ. ಹುಳು ಮನೆಯನ್ನು, ತಟ್ಟೆಗಳನ್ನು ಬ್ಲೀಚಿಂಗ್ ಪೌಡರ್, ಫಾರ್ಮಲಿನ್ ಹಾಕಿ ಶುದ್ಧ ಮಾಡಿರುತ್ತಾರೆ. ಅದರ ಮೇಲೆ ಖಂಡಿತ ಬೇಡ.

ಸೂರ್ಯ ಇಳಿಯುವ ಮೊದಲು ಒಳಗೆ ತನ್ನಿ. ಇಬ್ಬನಿ ಬಿದ್ದರೆ ಇಡೀ ದಿನದ ಕೆಲಸ ವಾಪಸ್. ಒಳಗೆ ತಂದು ಡಬ್ಬಿಗೆ ತುಂಬಬೇಡಿ, ರಾತ್ರಿಯೂ ಹರಡಿಯೇ ಇರಲಿ. ಬೇಸಿಗೆಯಲ್ಲಿ ಒಂದೂವರೆ ದಿನ, ಚಳಿಗಾಲದಲ್ಲಿ ಎರಡು ಮೂರು ದಿನ. ಮಳೆಗಾಲದಲ್ಲಿ ಫ್ಯಾನ್ ಕೆಳಗೆ ಮೂರು ನಾಲ್ಕು ದಿನ, ಕೊನೆಗೆ ಸಣ್ಣ ಉರಿಯಲ್ಲಿ ಬಾಣಲೆ ಬೆಚ್ಚಗೆ ಮಾಡಿ ಕಾಳಾಡಿಸುವುದು. ಜಡಿಮಳೆ ಹಿಡಿದಿರುವ ವಾರ ಶುರುವೇ ಮಾಡದಿದ್ದರೆ ಇನ್ನೂ ಒಳ್ಳೆಯದು.

ಒಣಗಿತಾ ಅಂತ ಕೈ ಮುಟ್ಟಿ ಹೇಳಬೇಡಿ. ಹೊರಗಿನ ಸಿಪ್ಪೆ ಒಣಗಿದ್ದರೂ ಒಳಗೆ ತೇವ ಇರುತ್ತದೆ. ಮೂರು ಪರೀಕ್ಷೆ ಮಾಡಿ, ಮೂರೂ ಪಾಸಾಗಬೇಕು.

ಮೊದಲನೆಯದು ಹಲ್ಲು. ನಾಲ್ಕು ಕಾಳು ಕಚ್ಚಿದರೆ ಕಟ್ ಅಂತ ಒಡೆಯಬೇಕು. ಮೆತ್ತಗೆ ಜಜ್ಜಿದರೆ ಇಲ್ಲ.

ಎರಡನೆಯದು ತಕ್ಕಡಿ. ನೀವು ಬರೆದಿಟ್ಟ 500 ಗ್ರಾಂ ನೆನಪಿದೆ ತಾನೆ? ಒಣಗಿದ ಮೇಲೆ ಅದಕ್ಕಿಂತ ಕಡಿಮೆಯೇ ತೂಗಬೇಕು, ಯಾಕೆಂದರೆ ಜೊಳ್ಳು ಹೋಗಿದೆ, ಮೊಳೆಯುವಾಗ ಕಾಳು ತನ್ನ ಸತ್ವವನ್ನೇ ಸ್ವಲ್ಪ ಖರ್ಚು ಮಾಡಿದೆ. 500 ಅಥವಾ ಅದಕ್ಕಿಂತ ಜಾಸ್ತಿ ತೋರಿಸಿದರೆ ಆ ಹೆಚ್ಚಿನದೆಲ್ಲ ನೀರು. ಮತ್ತೆ ಬಿಸಿಲಿಗೆ.

ಮೂರನೆಯದು ಗಾಜಿನ ಬಾಟಲಿ. ಒಣಗಿದ ಬಾಟಲಿಗೆ ಎರಡು ಹಿಡಿ ಕಾಳು ಹಾಕಿ, ಮುಚ್ಚಳ ಬಿಗಿ ಮಾಡಿ, ಒಂದು ಗಂಟೆ ಬಿಸಿಲಲ್ಲಿಡಿ. ಒಳಗೋಡೆಯಲ್ಲಿ ಮಂಜು ಅಥವಾ ಹನಿ ಕಂಡರೆ ಇನ್ನೂ ಒಂದು ದಿನ ಬೇಕು. ಆ ಆಗಸ್ಟಿನಲ್ಲಿ ಇದೊಂದು ಗೊತ್ತಿದ್ದರೆ ನನ್ನ ಹಿಟ್ಟು ತಿಪ್ಪೆಗೆ ಹೋಗುತ್ತಿರಲಿಲ್ಲ.

ಹಂತ 5: ಬೇರು ಉಜ್ಜಿ ಬೆಚ್ಚಗೆ ಹುರಿಯುವುದು

ಒಣಗಿದ ಕಾಳನ್ನು ಒರಟು ಬಟ್ಟೆಯಲ್ಲಿ ಹಾಕಿ ಎರಡೂ ಕೈಯಿಂದ ಉಜ್ಜಿ. ಬೇರು ಪುಡಿಯಾಗಿ ಉದುರುತ್ತದೆ, ಮೊರದಲ್ಲಿ ಕೇರಿ ಬಿಡಿ. ಬೇರು ಉಳಿದರೆ ಹಿಟ್ಟಿಗೆ ಕಹಿ.

ಹುರಿಯುವಾಗ ಸಣ್ಣ ಉರಿ, ಐದು ನಿಮಿಷ, ಕೈ ಬಿಡದೆ ಆಡಿಸಿ. ಘಮ ಬರಲು ಶುರುವಾದ ತಕ್ಷಣ ಇಳಿಸಿ. ಕಪ್ಪಗೆ ಹುರಿದು ಚಟಪಟ ಅನಿಸಿದರೆ ಮೊಳಕೆ ಕಟ್ಟಿದ ಕಷ್ಟ ಅರ್ಧ ವ್ಯರ್ಥ. ಮೊಳೆಯುವಾಗ ಕಾಳಿನಲ್ಲಿ ಅಮೈಲೇಸ್ ಅನ್ನುವ ಕಿಣ್ವ ಹುಟ್ಟುತ್ತದೆ. ಅದು ಪಿಷ್ಟವನ್ನು ಒಡೆದು ಸರಿಯನ್ನು ತೆಳ್ಳಗೆ, ಸ್ವಲ್ಪ ಸಿಹಿಯಾಗಿ ಮಾಡುತ್ತದೆ. ಜೋರು ಉರಿಗೆ ಅದು ಸಾಯುತ್ತದೆ.

"ಎಷ್ಟು ಹಾಕಿದರೂ ನೀರು ನೀರು" ಅನ್ನುವವರಿಗೆ ಉತ್ತರವೂ ಇಲ್ಲೇ ಇದೆ. ನಿಮ್ಮ ಹಿಟ್ಟು ಕೆಟ್ಟಿಲ್ಲ, ಚೆನ್ನಾಗಿ ಮೊಳೆತಿದೆ. ಮೊಳಕೆ ಕಟ್ಟದ ರಾಗಿ ಹಿಟ್ಟಾದರೆ ಒಂದು ಚಮಚಕ್ಕೇ ಗಟ್ಟಿಯಾಗಿ, ನೀರು ಬೆರೆಸಬೇಕಾಗುತ್ತದೆ, ಮಗುವಿನ ಪುಟ್ಟ ಹೊಟ್ಟೆ ನೀರಲ್ಲೇ ತುಂಬುತ್ತದೆ. ಮೊಳಕೆ ಹಿಟ್ಟಾದರೆ ಅದೇ ಬಟ್ಟಲಿಗೆ ಜಾಸ್ತಿ ಹಿಟ್ಟು ಹಿಡಿಯುತ್ತದೆ.

ಹಂತ 6: ಬೀಸಿ ಸೋಸುವುದು

ಅರ್ಧ ಕೆಜಿಯನ್ನು ಮನೆಯ ಮಿಕ್ಸಿಯಲ್ಲೇ ಮಾಡಬಹುದು. ಜಾರ್ ಒಣಗಿರಲಿ, ನಿಲ್ಲಿಸಿ ನಿಲ್ಲಿಸಿ ತಿರುಗಿಸಿ, ಬಿಸಿಯಾಗಲು ಬಿಡಬೇಡಿ. ಮಿಲ್ಲಿಗೆ ಹೋದರೆ ನಿಮ್ಮ ಮುಂದೆ ಏನು ಬೀಸಿದರು ಅಂತ ನೋಡಿ. ಮೆಣಸಿನಕಾಯಿ, ಕಡಲೆಬೇಳೆ, ಗೋಧಿ ಆದ ಮೇಲೆ ನಿಮ್ಮದು ಹಾಕಿಸಬೇಡಿ. ಬೆಳಗ್ಗೆ ಬೇಗ ಹೋಗಿ, ಯಾರದಾದರೂ ರಾಗಿ ಆದ ಮೇಲೆ ಹಾಕಿಸಿ. ನಿಮ್ಮ ಹಿಟ್ಟಲ್ಲಿ ಮೊದಲು ಬರುವ ಎರಡು ಹಿಡಿ ಬೇರೆ ತೆಗೆದು ಮನೆಯ ಮುದ್ದೆಗೆ ಬಳಸಿ.

ಸೋಸುವುದಕ್ಕೆ ಜರಡಿ ಸಾಲದು. ಅಗಲ ಪಾತ್ರೆಯ ಬಾಯಿಗೆ ಪಂಚೆ ಬಟ್ಟೆ ಕಟ್ಟಿ, ಹಿಟ್ಟು ಹಾಕಿ, ಅಂಗೈಯಿಂದ ಸವರಿ. ಕೆಳಗೆ ಇಳಿಯುವುದು ಮುಖದ ಪೌಡರಿನ ಹಾಗೆ ನುಣ್ಣಗಿರುತ್ತದೆ. ತಾಳ್ಮೆ ಬೇಕು, ಒಂದು ಗಂಟೆಯ ಕೆಲಸ. ಬಟ್ಟೆ ಮೇಲೆ ಉಳಿದ ತೌಡು ರೊಟ್ಟಿಗೆ ಹಾಕಿ.

ಹಂತ 7: ಇಡುವುದು

ಬೀಸಿದ ಹಿಟ್ಟು ಬಿಸಿ ಇರುತ್ತದೆ. ಪೂರ್ತಿ ಆರಿದ ಮೇಲೆ ಸ್ಟೀಲ್ ಡಬ್ಬಿಗೆ ತುಂಬಿ. ವಾರಕ್ಕಾಗುವಷ್ಟು ಸಣ್ಣ ಡಬ್ಬಿಗೆ ತೆಗೆದುಕೊಂಡು ದೊಡ್ಡದನ್ನು ಮುಚ್ಚಿಡಿ. ಒಣ ಚಮಚ ಮಾತ್ರ. ಒಂದು ತಿಂಗಳೊಳಗೆ ಮುಗಿಸಿ, ಮಳೆಗಾಲದಲ್ಲಿ ಫ್ರಿಜ್ಜಿನಲ್ಲಿಡಿ. ಮುಗ್ಗಲು ವಾಸನೆ, ನೂಲು ನೂಲಾಗಿ ಅಂಟುವ ಹಿಟ್ಟು, ಹುಳು, ಇದರಲ್ಲಿ ಯಾವುದೇ ಒಂದು ಕಂಡರೂ ಚೆಲ್ಲಿ.

ಹಂತ 8: ಸರಿ ಕಾಯಿಸುವುದು

ಮೊದಲು ನೀರಿನ ವಿಷಯ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪಾವಗಡ ಕಡೆಯ ಎಷ್ಟೋ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಒಂದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಅಂತ ನಿಯಮ ಇದೆ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಅದು ಇನ್ನೂ ಗಟ್ಟಿಯಾಗುತ್ತದೆ. ಮಗುವಿನ ಅಡುಗೆಗೆ ಊರಿನ ಶುದ್ಧ ನೀರಿನ ಘಟಕದ ನೀರು ತಂದು, ಅದನ್ನು ಕುದಿಸಿ ಆರಿಸಿ ಬಳಸಿ.

ಒಂದು ಊಟದ ಚಮಚ ಹಿಟ್ಟು, ಸುಮಾರು 150 ಮಿಲಿ ತಣ್ಣನೆಯ ನೀರು. ಒಲೆ ಹಚ್ಚುವ ಮೊದಲೇ ಕೈಯಿಂದ ಗಂಟಿಲ್ಲದಂತೆ ಕಲಸಿ. ಬಿಸಿ ನೀರಿಗೆ ಹಿಟ್ಟು ಸುರಿದರೆ ಗಂಟಾಗದೆ ಇರುವುದಿಲ್ಲ, ಹೊರಗೆ ಬೆಂದು ಒಳಗೆ ಹಸಿಯಾಗಿ ಉಳಿದ ಆ ಗಂಟೇ ಮಗುವಿಗೆ ಹೊಟ್ಟೆ ನೋವು ತರುವುದು. ಸಣ್ಣ ಉರಿಯಲ್ಲಿ ತಿರುಗಿಸುತ್ತಾ ಇರಿ. ಮೊದಲು ಗಟ್ಟಿಯಾಗುತ್ತದೆ, ಆಮೇಲೆ ಸ್ವಲ್ಪ ಸಡಿಲವಾಗುತ್ತದೆ. ಕುದಿ ಬಂದ ಮೇಲೂ ಐದು ನಿಮಿಷ ಬೇಯಲೇಬೇಕು. ಬಣ್ಣ ಗಾಢವಾಗಿ, ಮೇಲೆ ಹೊಳಪು ಬಂದು, ಹಸಿ ವಾಸನೆ ಪೂರ್ತಿ ಹೋಗಬೇಕು. ಮೊಳಕೆ ಹಿಟ್ಟನ್ನು ಬಿಸಿ ಹಾಲಿಗೆ ಕಲಸಿ ಹಾಗೇ ಕೊಡುವುದು ದೊಡ್ಡ ತಪ್ಪು. ಮೊಳಕೆಯ ತೇವದಲ್ಲಿ ಕ್ರಿಮಿಗಳೂ ಬೆಳೆದಿರುತ್ತವೆ, ಚೆನ್ನಾಗಿ ಕುದಿಯದೆ ಅವು ಸಾಯುವುದಿಲ್ಲ.

ಕೊನೆಗೆ ಅರ್ಧ ಟೀ ಚಮಚ ತುಪ್ಪ. ಒಂದು ವರ್ಷದವರೆಗೆ ಉಪ್ಪು, ಸಕ್ಕರೆ, ಬೆಲ್ಲ ಬೇಡ. ಜೇನುತುಪ್ಪವನ್ನು ನೆಕ್ಕಿಸುವುದೂ ಬೇಡ, ಅದರಿಂದ ಬಾಟುಲಿಸಮ್ ಅನ್ನುವ ಅಪಾಯದ ಕಾಯಿಲೆ ಬರಬಹುದು. ಮನೆಯಲ್ಲೇ ಹಸು ಇದೆ, ಹಾಲಲ್ಲೇ ಕಾಯಿಸೋಣ ಅಂತ ಹೇಳುತ್ತಾರೆ. ವರ್ಷ ತುಂಬುವವರೆಗೆ ನೀರಲ್ಲಿ ಕಾಯಿಸಿ, ಬೇಕಿದ್ದರೆ ಬೆಚ್ಚಗಾದ ಮೇಲೆ ತಾಯಿ ಹಾಲು ಬೆರೆಸಿ.

ಹಂತ 9: ತಿನ್ನಿಸುವುದು

ಕಾಲು ಚಾಚಿ ಮಗುವನ್ನು ಮಲಗಿಸಿಕೊಂಡು ಒಳಲೆಯಲ್ಲಿ (ಮಗುವಿಗೆ ಕುಡಿಸುವ ಮೂತಿ ಇರುವ ಪುಟ್ಟ ಬಟ್ಟಲು) ಹುಯ್ಯುವುದು ಇನ್ನೂ ಎಷ್ಟೋ ಮನೆಯಲ್ಲಿ ಇದೆ, ಅಳುವಾಗ ಮೂಗು ಹಿಡಿಯುವವರೂ ಇದ್ದಾರೆ. ಸರಿ ಶ್ವಾಸನಾಳಕ್ಕೆ ಹೋಗಿ ಮಗು ಉಸಿರು ಕಟ್ಟುವುದು ಹೀಗೇ. ಮಗು ನೆಟ್ಟಗೆ ಕೂತಿರಬೇಕು, ಬಟ್ಟಲು ಚಮಚ ಇರಬೇಕು, ಬಾಟಲಿಗೆ ತೂತು ದೊಡ್ಡ ಮಾಡಿ ಕುಡಿಸುವುದೂ ಬೇಡ. ಚಮಚ ತುಟಿಗೆ ತಾಗಿಸಿ ಕಾಯಿರಿ, ಮಗು ಬಾಯಿ ತೆರೆದರೆ ಕೊಡಿ, ಮುಖ ತಿರುಗಿಸಿದರೆ ಅವತ್ತಿಗೆ ಸಾಕು.

ಮೊದಲ ದಿನ ಎರಡು ಮೂರು ಚಮಚ, ಬೆಳಗ್ಗೆ ಹೊತ್ತು. ರಾತ್ರಿ ಹೊಸದು ಕೊಟ್ಟರೆ ಏನಾದರೂ ಆದಾಗ ನೋಡಲು ಆಗುವುದಿಲ್ಲ. ಮೂರು ನಾಲ್ಕು ದಿನ ಬರೀ ರಾಗಿ. ಬಾದಾಮಿ, ಗೋಡಂಬಿ, ಹೆಸರುಬೇಳೆ, ಹುರಿಗಡಲೆ, ಏಲಕ್ಕಿ ಎಲ್ಲ ಮೊದಲ ಹಿಟ್ಟಿಗೇ ಸೇರಿಸಿ ಬೀಸಬೇಡಿ, ಮೈ ಮೇಲೆ ದದ್ದು ಎದ್ದರೆ ಯಾವುದರಿಂದ ಅಂತ ಹೇಗೆ ಗೊತ್ತಾಗಬೇಕು? ದಿನ ಕಳೆದಂತೆ ಹಿಟ್ಟು ಜಾಸ್ತಿ ಮಾಡಿ. ಚಮಚ ಓರೆ ಮಾಡಿದರೆ ಸರಿ ನೀರಿನ ಹಾಗೆ ಹರಿದು ಬೀಳಬಾರದು, ಮೆಲ್ಲಗೆ ಜಾರಬೇಕು. 6 ರಿಂದ 8 ತಿಂಗಳಿಗೆ ದಿನಕ್ಕೆ ಎರಡು ಮೂರು ಹೊತ್ತು ಊಟ ಸಾಕು, ಜೊತೆಗೆ ತಾಯಿ ಹಾಲು ಮುಂದುವರಿಯಲಿ.

ಗಾರ್ಮೆಂಟ್ಸಿಗೋ, ತುಮಕೂರಿನಿಂದ ರೈಲಲ್ಲಿ ಬೆಂಗಳೂರಿಗೋ ಕೆಲಸಕ್ಕೆ ಹೋಗುವ ತಾಯಂದಿರು ಬೆಳಗ್ಗೆಯೇ ಕಾಯಿಸಿ ಫ್ಲಾಸ್ಕಿಗೆ ಹಾಕಿ ಹೋಗುತ್ತಾರೆ. ಅವರ ಕಷ್ಟ ಗೊತ್ತು, ಆದರೆ ಬೆಚ್ಚಗಿನ ಸರಿಯಲ್ಲಿ ಕ್ರಿಮಿ ಬಹಳ ಬೇಗ ಬೆಳೆಯುತ್ತದೆ. ಒಂದೊಂದು ಹೊತ್ತಿನ ಹಿಟ್ಟು ಅಳೆದು ಪುಟ್ಟ ಡಬ್ಬಿಗಳಲ್ಲಿಟ್ಟು ಹೋಗಿ, ನೀರು ಎಷ್ಟು ಅಂತ ಲೋಟಕ್ಕೆ ಗುರುತು ಮಾಡಿ. ಮನೆಯಲ್ಲಿರುವವರು ಹತ್ತು ನಿಮಿಷದಲ್ಲಿ ಹೊಸದಾಗಿ ಕಾಯಿಸಬಹುದು. ಮಗು ಬಿಟ್ಟ ಸರಿ ಮತ್ತೆ ಬಿಸಿ ಮಾಡಬೇಡಿ.

ಎಚ್ಚರಿಕೆಯ ಲಕ್ಷಣಗಳು

ಮಲ ಸ್ವಲ್ಪ ಗಾಢ ಕಂದು ಆಗುವುದು, ಒಂದೆರಡು ದಿನ ಗಟ್ಟಿಯಾಗುವುದು ಸಾಮಾನ್ಯ. ನೀರು ಜಾಸ್ತಿ ಕೊಡುವ ಬದಲು ಎದೆಹಾಲು ಜಾಸ್ತಿ ಕೊಡಿ, ಸರಿ ಸ್ವಲ್ಪ ಸಡಿಲ ಮಾಡಿ.

ನೀರು ನೀರಾಗಿ ಪದೇ ಪದೇ ಭೇದಿ, ಮಲದಲ್ಲಿ ರಕ್ತ, ಬಿಡದೆ ವಾಂತಿ, ಆರು ಗಂಟೆ ಮೂತ್ರ ಇಲ್ಲ, ನೆತ್ತಿ ಒಳಗಿಳಿದಿದೆ, ಮಗು ಮಂಕಾಗಿ ಹಾಲೂ ಬೇಡ ಅನ್ನುತ್ತದೆ, ಹೀಗಾದರೆ ಮನೆಮದ್ದು ಬೇಡ. ಓಆರ್‌ಎಸ್ ಚಮಚ ಚಮಚವಾಗಿ ಕೊಡುತ್ತಾ ಆಸ್ಪತ್ರೆಗೆ ಹೋಗಿ. ತುಟಿ, ಮುಖ ಊದಿಕೊಂಡರೆ, ಉಸಿರಾಟ ಸೊಂಯ್ ಅಂದರೆ, ತಕ್ಷಣ 108ಕ್ಕೆ ಫೋನ್ ಮಾಡಿ.

ಇನ್ನೊಂದು, ಇದನ್ನು ಬಹಳ ಜನ ಮರೆಯುತ್ತಾರೆ. ರಾಗಿಯಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ, 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ. ಕಬ್ಬಿಣ ಮಾತ್ರ ಅಷ್ಟಿಲ್ಲ, ಇರುವುದೂ ಮೈಗೆ ಪೂರ್ತಿ ಹತ್ತುವುದಿಲ್ಲ. ಹಾಗಾಗಿ ಸರಿ ಒಂದನ್ನೇ ನಂಬಿ ತಿಂಗಳುಗಟ್ಟಲೆ ಕೂರಬೇಡಿ. ಸರಕಾರದ ಕಡೆಯಿಂದ 6 ತಿಂಗಳ ಮೇಲೆ ವಾರಕ್ಕೆ ಎರಡು ಸಲ 1 ಮಿಲಿ ಕಬ್ಬಿಣದ ಸಿರಪ್ ಕೊಡುವ ಕಾರ್ಯಕ್ರಮ ಇದೆ, ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ. ಆ ಸಿರಪ್ಪನ್ನು ಸರಿ ಅಥವಾ ಹಾಲಿನ ಜೊತೆ ಕೊಡಬೇಡಿ, ಎರಡು ಗಂಟೆ ಅಂತರ ಇರಲಿ. ಏಳನೇ ತಿಂಗಳಿಗೆ ಬೇಳೆ ಕಟ್ಟು, ಬೆಂದ ಸೊಪ್ಪು, ತಿನ್ನುವ ಮನೆಯಾದರೆ ಚೆನ್ನಾಗಿ ಬೆಂದ ಮೊಟ್ಟೆ ಒಂದೊಂದಾಗಿ ಸೇರಿಸಿ. ಊಟದಲ್ಲಿ ಟೊಮೇಟೊ ಅಥವಾ ಎರಡು ಹನಿ ನಿಂಬೆ ಇದ್ದರೆ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ.

ಡಬ್ಬಿಯಲ್ಲಿ ಹತ್ತು ದಿನದ ಹಿಟ್ಟು ಉಳಿದಿರುವಾಗಲೇ ಮುಂದಿನ ಅರ್ಧ ಕೆಜಿ ನೆನೆಸಿ. ಖಾಲಿಯಾದ ಮೇಲೆ ಶುರು ಮಾಡಿದರೆ ಮತ್ತೆ ಒಣಗಿಸುವಾಗಲೇ ಅವಸರ ಆಗುತ್ತದೆ.